ಮಠದಮ್ಮ ಸೋಸಿಕೊಟ್ಟ ವಾರಗಳು

ಈ ಸಲದ ದಸರೆಗೆ ಹೋಳಿಗೆ ಮಾಡಲೆಂದು ಕಡಲೆಬೇಳೆ ಬೇಯಿಸಿದ್ದೆ. ಕಟ್ಟು ಬಸಿಯುವ ಹೊತ್ತಿಗೆ ಜಾಳಿಗೆ ಕೈಗೆ ಸಿಗಲಿಲ್ಲ. ಬೇಕಾದಾಗ ಸಿಗದಿರುವುದು ನಮ್ಮ ಮನೆಯ ಪಾತ್ರೆಗಳ ಹಳೆಯ ಚಾಳಿ. ಹಳೆಯ ಧೋತರದ ತುಂಡೊಂದನ್ನು ತೊಯಿಸಿ ಹಿಂಡಿ, ಪಾತ್ರೆಯ ಬಾಯಿಗೆ ಬಿಗಿದು, ಕುದಿಯುವ ಬೇಳೆನೀರನ್ನು ಅದರ ಮೇಲೆ ಸುರಿದೆ. ಹಸಿ ಅರಿವೆಯ ಮೇಲೆ ಬಿಸಿ ಕಟ್ಟು ಬಿದ್ದಾಗ ಒಂದು ವಾಸನೆ ಏಳುತ್ತದೆ. ಬೇಳೆಯದೂ ಅಲ್ಲ, ಬಟ್ಟೆಯದೂ ಅಲ್ಲ, ಎರಡೂ ಕೂಡಿದ್ದು. ಆ ಹಬೆ ಮುಖಕ್ಕೆ ಬಡಿದದ್ದೇ ತಡ, ನಾನು ಉದಗೀರದ ಅಡಿಗೆಮನೆಯಲ್ಲಿ ಇರಲಿಲ್ಲ. ಹದಿನೈದು ವರ್ಷ ಹಿಂದಕ್ಕೆ ಹೋಗಿ, ಉಮರ್ಗಾದ ನಮ್ಮ ತವರುಮನೆಯ ಪಡಸಾಲೆಯಲ್ಲಿ ಹಲ್ಲಿಗೆ ಹಲ್ಲು ಬಿಗಿಸಿಕೊಂಡು ಗೋಡೆಗೊರಗಿ ಕೂತಿದ್ದೆ. ಎದುರಿಗೆ ಮಠದಮ್ಮ.

"ಏನಾತು, ಕೈ ಸುಟ್ಕೊಂಡಿ ಏನು?" ಎಂದು ಯಜಮಾನರು ಬಾಗಿಲಿಂದಲೇ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಕಣ್ಣಿನ ನೀರಿನ ತಪ್ಪನ್ನು ಹಬೆಯ ಮೇಲೆ ಹಾಕಿದೆ.

ಮಠದಮ್ಮನ ಮನೆ ನಮ್ಮ ಓಣಿಯಲ್ಲಿ ನಮ್ಮಿಂದ ಮೂರನೆಯದು. ಗಂಡ ಐನೋರು. ಓಣಿಯ ಲಿಂಗಾಯತ ಮನೆಗಳಿಗೆಲ್ಲ ಪೂಜೆ, ತೊಟ್ಟಿಲು, ಮದುವೆ, ಮಣ್ಣು, ಎಲ್ಲಕ್ಕೂ ಅವರೇ ಬರುತ್ತಿದ್ದರಂತೆ. ನಾನು ಚಿಕ್ಕವಳಿದ್ದಾಗಲೇ ಅವರು ತೀರಿಕೊಂಡರು. ಮಕ್ಕಳಿಲ್ಲದ ಮಠದಮ್ಮ ಅದಕ್ಕೆಂದು ಮನೆಯೊಳಗೆ ಕೂರಲಿಲ್ಲ. ದೊಡ್ಡ ಕಾರ್ಯಗಳಿಗೆ ಬೇರೆ ಸ್ವಾಮಿಗಳನ್ನು ಕರೆಸಿದರೂ, ಸೋಮವಾರದ ಪತ್ರಿಯ ಸುತ್ತು ಮಾತ್ರ ತನ್ನದೇ ಎಂದು ಹಿಡಿದುಕೊಂಡರು. ಬೆಳಿಗ್ಗೆ ಬುಟ್ಟಿಯಲ್ಲಿ ಬಿಲ್ವಪತ್ರಿ, ವಿಭೂತಿ ಇಟ್ಟುಕೊಂಡು ಮನೆ ಮನೆಗೆ ಬರುವರು. ಒಳಗೆ ಬಂದು ದೇವರ ಜಗಲಿಯ ಮೇಲೆ ಪತ್ರಿ ಏರಿಸುವರು. ಮನೆಯವರು ಅವರ ಜೋಳಿಗೆಗೆ ಒಂದು ಬಟ್ಟಲು ಜೋಳವನ್ನೋ ತೊಗರಿಯನ್ನೋ ಹಾಕಿ ಕಾಲಿಗೆ ಬೀಳುವರು. ಪಕ್ಕದ ಹಳ್ಳಿ ದಾಳಿಂಬದಲ್ಲೂ ನಾಲ್ಕು ಮನೆ ಇದ್ದವು. ಅಲ್ಲಿಗೆ ಶೇರ್ ಆಟೋದಲ್ಲಿ ಹೋಗುವಾಗ ಡ್ರೈವರನ ಪಕ್ಕದ ಜಾಗವೇ ಬೇಕು, ಹಿಂದೆ ಕೂತರೆ ಪತ್ರಿ ಬಾಡುತ್ತದೆ ಎಂದು ಜಗಳ.

ಗಿಡ್ಡ ಆಳು, ಬಿರುಸು ನಡಿಗೆ. ತವರು ನಿಲಂಗಾ. ಅಲ್ಲಿ ಅವರ ತಂದೆ ಒಂದು ಸಣ್ಣ ಮಠ ನೋಡಿಕೊಳ್ಳುತ್ತಿದ್ದರಂತೆ, ಪಾರಾಯಣದ ಪುಸ್ತಕ ಓದುವಷ್ಟು ಕನ್ನಡ ಅಕ್ಷರಗಳನ್ನು ಮಗಳಿಗೆ ಕಲಿಸಿದ್ದರಂತೆ. ಸಾಲಿಯ ಮುಖ ಮಾತ್ರ ಆಕೆ ನೋಡಿದವರಲ್ಲ. ನಮ್ಮದು ಅದರ ತದ್ವಿರುದ್ಧ. ಅಜ್ಜನ ಕಾಲಕ್ಕೆ ಬಸವಕಲ್ಯಾಣದ ಕಡೆಯಿಂದ ಬಂದ ಮನೆತನ, ಮನೆಯಲ್ಲಿ ಕನ್ನಡ, ಓದಿದ್ದೆಲ್ಲ ಮರಾಠಿ. ನನಗೆ ಕನ್ನಡ ಬಾಯಲ್ಲಿ ಮಾತ್ರ ಇತ್ತು, ಕೈಯಲ್ಲಿ ಇರಲಿಲ್ಲ.

ಇನ್ನು ಆ ಬಾಯಿಯ ಕಥೆ ಹೇಳಬೇಕು. ನನ್ನ ಕೆಳದವಡೆ ಮೇಲಿನ ದವಡೆಗಿಂತ ಸಾಕಷ್ಟು ಮುಂದೆ ಬೆಳೆದಿತ್ತು. ಮುಂದಿನ ಹಲ್ಲುಗಳು ಹುಟ್ಟಿದಾಗಿನಿಂದ ಒಂದನ್ನೊಂದು ಮುಟ್ಟಿರಲಿಲ್ಲ. ಕಚ್ಚಿ ತಿನ್ನುವುದು ಎಂದರೇನೆಂದು ನನಗೆ ಗೊತ್ತಿರಲಿಲ್ಲ. ರೊಟ್ಟಿಯನ್ನು ಸಣ್ಣಗೆ ಮುರಿದು ಬಾಯಿಯ ಮೂಲೆಗೆ ಒತ್ತಬೇಕು. ಓಣಿಯ ಹುಡುಗಿಯರು ಪೇರಲಹಣ್ಣು ಕಚ್ಚುವಾಗ, ಕಬ್ಬು ಸಿಗಿಯುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಇಪ್ಪತ್ತು ದಾಟುವ ಹೊತ್ತಿಗೆ ಕಿವಿಯ ಮುಂದೆ ನೋವು ಶುರುವಾಯಿತು. ಆಕಳಿಸಿದರೆ ದವಡೆ ಕಟ್ ಎಂದು ಸಿಕ್ಕಿಕೊಳ್ಳುತ್ತಿತ್ತು. ಕಚ್ಚಲಾಗದ ಸಿಟ್ಟನ್ನೆಲ್ಲ ನಾನು ನಾಲಿಗೆಯಿಂದ ತೀರಿಸಿಕೊಳ್ಳುತ್ತಿದ್ದೆ ಎಂದು ಈಗ ಅನಿಸುತ್ತದೆ. ಓಣಿಯಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ.

ಲಾತೂರಿನ ದಂತವೈದ್ಯರು ನೋಡಿ, ಒಂದೂವರೆ ವರ್ಷ ಹಲ್ಲಿಗೆ ತಂತಿ ಹಾಕೋಣ, ಆಮೇಲೆ ಕೆಳದವಡೆಯ ಎಲುಬನ್ನು ಎರಡೂ ಕಡೆ ಕೊಯ್ದು ಹಿಂದಕ್ಕೆ ಸರಿಸಿ ಕೂರಿಸೋಣ ಎಂದರು. ಅಪ್ಪ ಪಂಪ್‌ಸೆಟ್ ರಿಪೇರಿ ಅಂಗಡಿಯವರು. ದಿನವೂ ಕಬ್ಬಿಣ ಕೊಯ್ಯುವ ಮನುಷ್ಯ ಮಗಳ ಎಲುಬು ಕೊಯ್ಯುತ್ತಾರೆಂದ ಕೂಡಲೇ ಬೆವರಿಬಿಟ್ಟರು. ದೇವರು ಕೊಟ್ಟ ಮುಖಕ್ಕೆ ಕೈ ಹಾಕಬಹುದೋ ಇಲ್ಲವೋ ಎಂದು ಮಠದಮ್ಮನನ್ನೇ ಕೇಳಿದರು. ಮಠದಮ್ಮ ನನ್ನನ್ನು ಬೆಳಕಿಗೆ ಕೂರಿಸಿ, "ಬಾಯಿ ತೆಗಿ ನೋಡೂನು" ಎಂದರು. ಹಲ್ಲುಗಳ ನಡುವಿನ ಸಂದಿಯಲ್ಲಿ ತಮ್ಮ ಕಿರುಬೆರಳನ್ನೇ ಆಡಿಸಿ ನೋಡಿದರು.

"ತಮ್ಮಾ, ಈ ಹುಡುಗಿ ಇಷ್ಟ ವರ್ಷ ಒಂದ್ ತುತ್ತು ನೆಟ್ಟಗ ಕಡ್ದು ತಿಂದಿಲ್ಲ. ದೇವ್ರ ಹಂತ್ಯಾಕ ನಾ ಮಾತಾಡ್ತೀನಿ, ನೀ ಡಾಕ್ಟರನ ಹಂತ್ಯಾಕ ಮಾತಾಡು."

ಹಾಗೆ ನನ್ನ ಆಪರೇಷನ್ನಿಗೆ ಅಪ್ಪಣೆ ಸಿಕ್ಕಿದ್ದು.

ತಂತಿ ಹಾಕಿದ ಮೇಲೆ ಮುಖ ಇನ್ನೂ ಕೆಟ್ಟಿತು. ಡಾಕ್ಟರು ಮೊದಲೇ ಹೇಳಿದ್ದರು. ವರ್ಷಗಟ್ಟಲೆ ಒಳಕ್ಕೆ ವಾಲಿ ಹೊಂದಿಕೊಂಡಿದ್ದ ಹಲ್ಲುಗಳು ತಮ್ಮ ಸರಿಯಾದ ಜಾಗಕ್ಕೆ ಬಂದಾಗ, ದವಡೆಯ ತಪ್ಪು ಇದ್ದಷ್ಟೂ ಹೊರಗೆ ಬೀಳುತ್ತದೆ, ಹೆದರಬೇಡಿ ಎಂದು. ಆದರೆ ಓಣಿಗೆ ಇದನ್ನೆಲ್ಲ ಹೇಳಿದವರು ಯಾರು? ಇದ್ದ ಮುಖವನ್ನೂ ಡಾಕ್ಟರು ಕೆಡಿಸಿದರೆಂದು ಮಂದಿ ಆಡಿಕೊಂಡರು. ಮಠದಮ್ಮ ಸೋಮವಾರದ ಸುತ್ತಿನಲ್ಲಿ ಪತ್ರಿಯ ಜೊತೆಗೆ ಉತ್ತರವನ್ನೂ ಹಂಚಿದರು. "ಹಳೀ ಗ್ವಾಡಿ ಕೆಡವ್ಲಾಕತ್ತಾರ, ಕಟ್ಟೂದು ಇನ್ನಾ ಬಾಕಿ ಅದ. ಅಲ್ಲೀತನಕ ಯಾರೂ ನೋಡಬ್ಯಾಡ್ರಿ." ನಾನು ಅದನ್ನು ಕೇಳಿ ನಗುತ್ತಿದ್ದೆ, ಕೈಯಿಂದ ಬಾಯಿ ಮುಚ್ಚಿಕೊಂಡು.

ಆಪರೇಷನ್ನಿನ ದಿನ ಬಂತು. ಲಾತೂರಿನ ಆಸ್ಪತ್ರೆಗೆ ಈ ಕೆಲಸದ ಸರ್ಜನ್ನರು ಪುಣೆಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಅವ್ವನಿಗೆ ರಕ್ತ ಎಂದರೆ ತಲೆ ಸುತ್ತು, ಆಸ್ಪತ್ರೆಯ ಮೆಟ್ಟಿಲು ಹತ್ತಿದರೇ ಕೂತುಬಿಡುತ್ತಿದ್ದಳು. "ನಾ ಬರ್ತೀನಿ" ಎಂದು ಮಠದಮ್ಮ ಚೀಲ ಕಟ್ಟಿಕೊಂಡು ಅಪ್ಪನ ಜೊತೆ ಹೊರಟೇಬಿಟ್ಟರು. ಹಿಂದಿನ ಸಂಜೆ ನರ್ಸು ಬಂದು, ರಾತ್ರಿ ಊಟವಾದ ಮೇಲೆ ಏನೂ ತಿನ್ನಬಾರದು, ಬೆಳಿಗ್ಗೆ ನೀರು ಸಹ ಕುಡಿಯಬಾರದು ಎಂದು ತಾಕೀತು ಮಾಡಿದಳು. ಮಠದಮ್ಮ ಎರಡೆರಡು ಸಲ ಕೇಳಿ ಗಟ್ಟಿ ಮಾಡಿಕೊಂಡರು. ಹಾಸಿಗೆಯ ಪಕ್ಕದ ನೀರಿನ ಬಾಟಲಿಯನ್ನೂ ತೆಗೆದು ತಮ್ಮ ಚೀಲದಲ್ಲಿ ಇಟ್ಟುಕೊಂಡರು. ಬೆಳಿಗ್ಗೆ ನಾನು ಬಾಯಿ ಮುಕ್ಕಳಿಸುವಾಗ ನೀರು ನುಂಗಿದೆನೋ ಎಂದು ಪಕ್ಕದಲ್ಲೇ ನಿಂತು ಕಾದರು.

ಆಮೇಲೆ ಸ್ನಾನ ಮಾಡಿ ಬಂದು, ವಾರ್ಡಿನ ಮೂಲೆಯಲ್ಲಿ ಚಾಪೆ ಹಾಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದರು. ನನ್ನ ಸಲುವಾಗಿ ಅಂದು ಪೂಜೆ ಜಾಸ್ತಿ ಹೊತ್ತು ನಡೆಯಿತು. ಮುಗಿದ ಮೇಲೆ ಸ್ಟೀಲಿನ ಡಬ್ಬಿ ತೆರೆದು, ಪಂಚಾಮೃತವನ್ನು ಬಟ್ಟಲಿಗೆ ಸುರಿದು ನನ್ನ ಕೈಗಿಟ್ಟರು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಮೇಲೆ ಹಿಚುಕಿದ ಬಾಳೆಹಣ್ಣು. ಬಟ್ಟಲು ತುಂಬಿತ್ತು. ನಾನು ಕಣ್ಣಿಗೊತ್ತಿಕೊಂಡು ಪೂರ್ತಿ ಕುಡಿದೆ.

ಓದಿದವರು ನಗಬಹುದು. ಆದರೆ ನಮ್ಮ ಮನೆಗಳಲ್ಲಿ ಪ್ರಸಾದ ಎನ್ನುವುದು ಊಟದ ಸಾಲಿಗೆ ಸೇರುವುದೇ ಇಲ್ಲ. ಶಿವರಾತ್ರಿಯ ಉಪವಾಸದ ದಿನ ಬಟ್ಟಲುಗಟ್ಟಲೆ ಪಂಚಾಮೃತ ಕುಡಿದು, ಸಂಜೆ "ಬೆಳಿಗ್ಗಿನಿಂದ ಹೊಟ್ಟೆಗೆ ಏನೂ ಇಲ್ಲ" ಎಂದು ನಿಜವಾಗಿ ನಂಬಿ ಹೇಳುವ ಮಂದಿ ನಾವು. ನಾನು ಬಿ.ಎಸ್ಸಿ. ಮುಗಿಸಿದವಳು. ಜೀರ್ಣಕ್ರಿಯೆಯ ಚಿತ್ರ ಬಿಡಿಸಿ ಪೂರ್ತಿ ಅಂಕ ತೆಗೆದವಳು. ನನಗೂ ಅದು ಹೊಟ್ಟೆಗೆ ಹೋಗುತ್ತದೆಂದು ಹೊಳೆಯಲಿಲ್ಲ. ನರ್ಸು ಬಂದು ಏನಾದರೂ ತಿಂದೆಯಾ ಎಂದಾಗ ಇಲ್ಲವೆಂದೆ. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕು ಸಹ ಇರಲಿಲ್ಲ.

ಅರಿವಳಿಕೆಯ ಡಾಕ್ಟರು ಥಿಯೇಟರಿನ ಬಾಗಿಲಲ್ಲಿ ಇನ್ನೊಮ್ಮೆ ಕೇಳಿದರು, ಈ ಸಲ ಮಠದಮ್ಮನನ್ನು. ಅವರು ತಮ್ಮ ಮರಾಠಿಯಲ್ಲಿ ಹೆಮ್ಮೆಯಿಂದ ಹೇಳಿದರು, "ನಾಹೀ ಹೋ ಡಾಕ್ಟರ್‌ಸಾಹೇಬ್, ಕಡಕ್ ಉಪಾಸ್. ಫಕ್ತ ಪಂಚಾಮೃತ ದಿಲಂ." ಕಟ್ಟುನಿಟ್ಟಿನ ಉಪವಾಸ, ಪಂಚಾಮೃತ ಮಾತ್ರ ಕೊಟ್ಟಿದ್ದೇನೆ ಎಂದು. ಡಾಕ್ಟರು ಅದರಲ್ಲಿ ಏನೇನಿತ್ತು ಎಂದು ಕೇಳಿದರು. ಮಠದಮ್ಮ ಒಂದನ್ನೂ ಬಿಡದೆ ಎಣಿಸಿ ಹೇಳಿದರು, ಬಾಳೆಹಣ್ಣು ಸೇರಿಸಿ.

ಡಾಕ್ಟರು ಸಿಟ್ಟಾಗಲಿಲ್ಲ. ಹೊಟ್ಟೆಯಲ್ಲಿ ಹಾಲು ಮೊಸರು ಇರುವಾಗ ಮದ್ದು ಕೊಟ್ಟರೆ, ವಾಂತಿಯಾಗಿ ಉಸಿರಿನ ನಾಳಕ್ಕೆ ಇಳಿದರೆ, ಹುಡುಗಿ ಮೇಜಿನ ಮೇಲೆಯೇ ಹೋಗಿಬಿಡಬಹುದು ಎಂದು ಅಪ್ಪನಿಗೆ ಶಾಂತವಾಗಿ ತಿಳಿಸಿದರು. ಹೊಟ್ಟೆ ಖಾಲಿಯಾಗಲು ಆರೇಳು ತಾಸು ಬೇಕು, ಆಪರೇಷನ್ನಿಗೆ ಮತ್ತೆ ಮೂರ್ನಾಲ್ಕು ತಾಸು. ಸರ್ಜನ್ನರು ಸಂಜೆ ಪುಣೆಗೆ ಹಿಂತಿರುಗಬೇಕು. ಇನ್ನು ಮುಂದಿನ ತಿಂಗಳೇ.

ಒಂದೂವರೆ ವರ್ಷ ಕಾದವಳಿಗೆ ಒಂದು ತಿಂಗಳು ದೊಡ್ಡದಲ್ಲ. ಇದನ್ನು ಈಗ ಹೇಳುತ್ತೇನೆ. ಆಗ ಹಸಿರು ಗೌನು ತೊಟ್ಟು, ತಲೆಗೆ ಟೊಪ್ಪಿಗೆ ಹಾಕಿಕೊಂಡು ನಿಂತವಳಿಗೆ ಲೋಕವೇ ಮುಳುಗಿತ್ತು. ವರಾಂಡದಲ್ಲಿ ರೋಗಿಗಳು, ಅವರ ಕಡೆಯವರು, ನರ್ಸುಗಳು, ನಮ್ಮ ಕಡೆಯ ಸಾಸ್ತೂರದ ಒಂದು ಪರಿಚಯದ ಕುಟುಂಬ, ಎಲ್ಲರೂ ಇದ್ದರು. ಅವರೆಲ್ಲರ ಎದುರಿಗೆ ನಾನು ಮಠದಮ್ಮನ ಮೇಲೆ ಹರಿಹಾಯ್ದೆ.

"ನಿಮಗ ಯಾರ್ ಬರ್ರಿ ಅಂದಿದ್ರು? ಮನಿ ಮನಿ ಬೇಡಿ ತಿನ್ನೋರಿಗಿ ದವಾಖಾನಿದು ಏನ್ ತಿಳೀತದ? ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ!"

ಬರೆಯುವಾಗಲೂ ಕೈ ನಿಲ್ಲುತ್ತದೆ... ಅವರು ಬೇಡುವವರಾಗಿರಲಿಲ್ಲ. ನಮ್ಮ ಅಜ್ಜ, ಅಪ್ಪ ಬಗ್ಗಿ ಕೊಟ್ಟದ್ದನ್ನು ನಿಂತು ಪಡೆಯುವ ಮನೆತನ ಅದು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ, ಎಲ್ಲಿ ನಾಟುತ್ತದೋ ನೋಡಿಯೇ ಹೇಳಿದ್ದೆ.

ಮಠದಮ್ಮ ಖಾಲಿ ಡಬ್ಬಿಯ ಮುಚ್ಚಳ ಹಾಕಿದರು. "ತಪ್ಪಾಯ್ತವಾ ನಂದು" ಎಂದರು. ಅಷ್ಟೇ. ಉಮರ್ಗಾದ ಬಸ್ಸಿನಲ್ಲಿ ಅವರು ಮುಂದೆ, ಕಂಡಕ್ಟರನ ಹತ್ತಿರದ ಸೀಟಿನಲ್ಲಿ ಕೂತರು. ಅಪ್ಪ ನನ್ನ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದರು.

ಅಪ್ಪ ನನ್ನೊಡನೆ ಎಂಟು ದಿನ ಮಾತಾಡಲಿಲ್ಲ. ತಾವೇ ಹೋಗಿ ಮಠದಮ್ಮನ ಕಾಲಿಗೆ ಬಿದ್ದು ಬಂದರು. "ಹುಡುಗಿ ನೋವಿನಾಗ ಅಂದಾದ, ಬಿಡು ತಮ್ಮಾ" ಎಂದು ಅವರು ಅಂದರಂತೆ. ನೀನೂ ಹೋಗಿ ಒಂದು ಮಾತು ಹೇಳಿ ಬಾ ಎಂದು ಅವ್ವ ದಿನಾ ಗೋಗರೆದಳು. ಹೋಗುತ್ತೇನೆ ಎಂದೆ. ಆಪರೇಷನ್ ಆಗಲಿ, ಆಮೇಲೆ, ಎಂದುಕೊಂಡೆ. ಸೋಮವಾರಗಳಲ್ಲಿ ಮಠದಮ್ಮ ಬಂದರು, ಆದರೆ ಒಳಗೆ ಬರಲಿಲ್ಲ. ಪತ್ರಿಯನ್ನು ಹೊಸ್ತಿಲ ಹೊರಗಿನ ಕಟ್ಟೆಯ ಮೇಲಿಟ್ಟು, ಅವ್ವ ಜೋಳದ ಬಟ್ಟಲು ಹಿಡಿದು ಓಡಿಬರುವಷ್ಟರಲ್ಲಿ ಮುಂದಿನ ಮನೆಗೆ ಹೋಗಿರುತ್ತಿದ್ದರು.

ಮುಂದಿನ ತಿಂಗಳು ಆಪರೇಷನ್ ಆಯಿತು. ಮಠದಮ್ಮ ಬರಲಿಲ್ಲ, ಬರ್ರಿ ಎನ್ನುವ ಮುಖ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಎಚ್ಚರವಾದಾಗ ಮುಖ ನನ್ನದೆನಿಸಲಿಲ್ಲ. ಕಣ್ಣಿನ ಕೆಳಗಿಂದ ಕೊರಳಿನವರೆಗೆ ಬಾವು. ಕೆಳತುಟಿ, ಗದ್ದ ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರ್ ಹಾಕಿ ಬಿಗಿದಿದ್ದರು. ಆರು ವಾರ ಬಾಯಿ ತೆರೆಯುವಂತಿಲ್ಲ, ಅಗಿಯುವಂತಿಲ್ಲ. ನೀರಿನಂಥದ್ದನ್ನು ಮಾತ್ರ ಸಿರಿಂಜಿನ ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕೆನ್ನೆಯ ಒಳಗಿಂದ ಕೊನೆಯ ಹಲ್ಲಿನ ಹಿಂದೆ ಬಿಡಬೇಕು. ವಾಂತಿ ಬಂದರೆ ರಬ್ಬರ್ ಕತ್ತರಿಸಲೆಂದು ಸಣ್ಣ ಕತ್ತರಿಯೊಂದನ್ನು ಕೊಟ್ಟಿದ್ದರು. ಅದನ್ನು ಅವ್ವ ಹಾಸಿಗೆಯ ಪಕ್ಕದ ಮೊಳೆಗೆ ತೂಗುಹಾಕಿ, ದಿನಕ್ಕೆ ಹತ್ತು ಸಲ ನೋಡಿ ಹೆದರುತ್ತಿದ್ದಳು. ಮಾತಂತೂ ಇಲ್ಲವೇ ಇಲ್ಲ. ಆರು ವಾರ ಓಣಿಗೆ ನೆಮ್ಮದಿ ಎಂದು ಯಾರೋ ಅಂದರಂತೆ, ಸುಳ್ಳೇನಲ್ಲ.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಅವ್ವ ಎಲ್ಲವನ್ನೂ ಮಿಕ್ಸರಿಗೆ ಹಾಕಿ, ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ ತರುತ್ತಿದ್ದಳು. ಕಣ್ಣಿಗೆ ಕಾಣದ ಒಂದು ಬೇಳೆಯ ಸಿಪ್ಪೆ, ಒಂದು ಜೀರಿಗೆಯ ಚೂರು ಸಾಕು, ಕೊಳವೆ ಕಟ್ಟಿಕೊಳ್ಳುತ್ತಿತ್ತು. ಒತ್ತಿದರೆ ಚಿಮ್ಮಿ ಗಂಟಲಿಗೆ ಹೋಗಿ ಕೆಮ್ಮು. ಬಾಯಿ ಮುಚ್ಚಿಕೊಂಡು ಕೆಮ್ಮುವುದೆಂದರೆ ಜೀವ ಹೋದಂತೆ. ಹೆದರಿ ನಾನು ಹಾಲು, ಸಕ್ಕರೆ ನೀರು ಬಿಟ್ಟು ಬೇರೇನೂ ಬೇಡವೆಂದು ತಲೆಯಾಡಿಸತೊಡಗಿದೆ. ಹತ್ತು ದಿನಕ್ಕೆ ಆರು ಕಿಲೋ ಇಳಿದೆ. ತೂಕ ಇನ್ನೂ ಇಳಿದರೆ ಮತ್ತೆ ದಾಖಲಾಗಬೇಕು, ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ, ಎಲುಬು ಕೂಡಿಕೊಳ್ಳಲು ಮೈಯಲ್ಲಿ ಕಸುವು ಬೇಕಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಆ ದಿನ ಅವ್ವ ನಲ್ಲಿಯ ಹತ್ತಿರ ನಿಂತು ಅತ್ತದ್ದು ಓಣಿಗೆಲ್ಲ ಕೇಳಿತು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಮಠದಮ್ಮ ಬಂದು ನಿಂತರು. ಹೊಸ್ತಿಲ ಹೊರಗೆ. ಕೈಯಲ್ಲಿ ಮಡಿಸಿದ ಬಿಳಿ ಅರಿವೆ. ಅವ್ವನನ್ನು ಕೇಳಲಿಲ್ಲ, ಒಳಗೆ ಗೋಡೆಗೊರಗಿದ್ದ ನನ್ನನ್ನೇ ನೋಡಿ ಕೇಳಿದರು.

"ಒಳಗ ಬರ್ಲೇನವಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಕೆಳತುಟಿಗೆ ಸ್ಪರ್ಶವಿಲ್ಲದ್ದರಿಂದ ಜೊಲ್ಲು ಸುರಿಯುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ. ಅವರು ಒಳಗೆ ಬಂದು ಮೊದಲು ಅದನ್ನು ಒರೆಸಿದರು.

ಆ ಅರಿವೆ ಅವರು ಲಿಂಗಪೂಜೆಯ ನೀರು ಸೋಸುತ್ತಿದ್ದದ್ದು. ಬೇರೆ ಯಾವುದಕ್ಕೂ ಬಳಸದೆ, ಬೇರೆಯೇ ಒಗೆದು, ಬೇರೆಯೇ ಒಣಗಿಸುತ್ತಿದ್ದ ಬಟ್ಟೆ. ಅದನ್ನು ಎರಡು ಪದರು ಮಾಡಿ ನಮ್ಮ ಪಾತ್ರೆಯ ಬಾಯಿಗೆ ಕಟ್ಟಿದರು. ತೊಗರಿಯ ಕಟ್ಟು, ಜೋಳದ ಅಂಬಲಿ, ಅಕ್ಕಿಯ ಗಂಜಿ, ಕುಂಬಳಕಾಯಿಯ ರಸ, ಎಲ್ಲವೂ ಮೂರು ಮೂರು ಸಲ ಆ ಅರಿವೆಯಿಂದ ಇಳಿಯಬೇಕು. ಅವಸರ ಮಾಡಿ ಹಿಂಡಬಾರದು, ಹಿಂಡಿದರೆ ಚರಟ ಇಳಿಯುತ್ತದೆ. ತಾನಾಗಿ ತೊಟ್ಟಿಕ್ಕಬೇಕು. ಅದಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು. ಅವರು ಪಾತ್ರೆಯ ಮುಂದೆ ಕೂತು ಕಾಯುತ್ತಿದ್ದರು. ಆಮೇಲೆ ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟು ಬಿಸಿ ನೋಡಿ, ಸಿರಿಂಜಿಗೆ ತುಂಬಿ, ನನ್ನ ಕೆನ್ನೆಯನ್ನು ಒಂದು ಬೆರಳಿನಿಂದ ಸರಿಸಿ, ತುಸು ತುಸುವೇ ಒಳಗೆ ಬಿಡುವರು. ದಿನಕ್ಕೆ ಎಂಟು ಸಲ. ಒಮ್ಮೆಯೂ ಕೊಳವೆ ಕಟ್ಟಲಿಲ್ಲ. ಮುಂದಿನ ವಾರ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ತೂಕ ಇಳಿದಿರಲಿಲ್ಲ, ಅದರ ಮುಂದಿನ ವಾರ ಒಂದು ಕಿಲೋ ಏರಿತ್ತು. ಅಪ್ಪ ತಕ್ಕಡಿಗೇ ಕೈ ಮುಗಿದರು.

ನಮ್ಮಿಬ್ಬರ ನಡುವೆ ಲಾತೂರಿನ ಮಾತು ಬರಲಿಲ್ಲ. ಅವರು ತರಲಿಲ್ಲ, ನನಗೆ ಬಾಯಿ ಇರಲಿಲ್ಲ. ಮೂರನೆಯ ದಿನ ನಾನು ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸಿದೆ. ಮರಾಠಿಯಲ್ಲಿ, ನನ್ನದು ತಪ್ಪಾಯಿತು ಎಂದು. ಅವರು ಪಾಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಮರಾಠಿ ಅಕ್ಷರ ನನಗ ಬರಾಂಗಿಲ್ಲವಾ. ನಿಮ್ಮವ್ವಗ ಕರೀಲಾ? ಓದಿ ಹೇಳ್ತಾಳ."

ನಾನು ಪಾಟಿಯನ್ನು ಕಸಿದು ಅಂಗೈಯಿಂದ ಒರೆಸಿಬಿಟ್ಟೆ. ಅವ್ವನ ಬಾಯಿಂದ ಆ ಮಾತು ಬರುವುದು ನನಗೆ ಬೇಡವಾಗಿತ್ತು. ಅವರು ಬಳಪ ಎತ್ತಿಕೊಂಡರು. ಆಮೇಲೆ ಪಾಟಿಯ ಮೇಲೆ ತಾವೇ ದೊಡ್ಡದಾಗಿ ಅ ಎಂದು ಬರೆದರು. ಅಂಬಲಿ ತೊಟ್ಟಿಕ್ಕುವ ಆ ಅರ್ಧರ್ಧ ತಾಸುಗಳಲ್ಲಿ, ಇಪ್ಪತ್ತೆರಡು ವರ್ಷದ ಪದವೀಧರೆಯಾದ ನಾನು ಮಠದಮ್ಮನಿಂದ ಕನ್ನಡ ಅಕ್ಷರ ತಿದ್ದಿದೆ. ಒತ್ತಕ್ಷರಗಳಲ್ಲಿ ಅವರೂ ತಪ್ಪುತ್ತಿದ್ದರು, ನಾನೂ ತಪ್ಪುತ್ತಿದ್ದೆ. ಐದನೆಯ ವಾರಕ್ಕೆ ನನಗೆ ಬೇಕಾದ್ದನ್ನು ಬರೆದು ಕೇಳುವಷ್ಟು ಬಂತು. ಬಿಸಿ. ಸಾಕು. ಉಪ್ಪು ಕಮ್ಮಿ. ನಾಳೆ ಕುಂಬಳಕಾಯಿ ಬೇಡ. ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಉಪ್ಪ ಕಮ್ಮಿ ಆತಾ ನಮ್ಮ ರಾಣಿಗಿ?" ಎಂದು ನಗುತ್ತಿದ್ದರು.

ಆ ಇನ್ನೊಂದು ಮಾತನ್ನೂ ಬರೆಯಬಹುದಿತ್ತು. ಅಕ್ಷರ ಬಂದಿತ್ತು, ಪಾಟಿ ಮಡಿಲಲ್ಲೇ ಇತ್ತು. ಬರೆಯಲಿಲ್ಲ. ಇಷ್ಟು ದೊಡ್ಡದನ್ನು ಪಾಟಿಯ ಮೇಲೆ ಗೀಚುವುದೇನು, ಬಾಯಿ ಬಿಚ್ಚಿದ ದಿನ ಬಾಯಿಯಿಂದಲೇ ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬಾಯಿ ಬಿಚ್ಚಿದ ದಿನ ಒಂದು ಗುರುವಾರ. ಲಾತೂರಿನಲ್ಲಿ ರಬ್ಬರ್ ತೆಗೆಸಿಕೊಂಡು ಮಧ್ಯಾಹ್ನ ಮನೆಗೆ ಬಂದೆವು. ಎರಡು ಬೆರಳಿನಷ್ಟೂ ಬಾಯಿ ತೆರೆಯುತ್ತಿರಲಿಲ್ಲ, ಆದರೂ ತೆರೆಯುತ್ತಿತ್ತು. ಪಡಸಾಲೆಯ ತುಂಬ ಓಣಿಯ ಹೆಂಗಸರು. ಅವ್ವ ಹಾಲಿನಲ್ಲಿ ನೆನೆಸಿದ ಮೆತ್ತನೆಯ ರೊಟ್ಟಿ ತಂದಳು. ಅದರ ಅಂಚನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿದೆ. ತುಂಡಾಯಿತು. ಜೀವನದಲ್ಲಿ ಮೊದಲ ಸಲ ನಾನು ರೊಟ್ಟಿಯನ್ನು ಕಚ್ಚಿದ್ದೆ. ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು, ಅವ್ವ ಅತ್ತಳು, ನಾನೂ ಅತ್ತೆ. ಮಠದಮ್ಮ ಬಾಗಿಲ ಹತ್ತಿರ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಇನ್ನೊಂದು ರೊಟ್ಟಿಯನ್ನು ಮುರಿದು ಅವರ ಮುಂದೆ ಹಿಡಿದೆ.

"ನೀವೂ ತಿನ್ರೀ ಅಮ್ಮಾ."

"ಇವತ್ತ ಉಪಾಸ ಅದವಾ ನಂದು" ಎಂದರು.

ಅವರು ಉಪವಾಸ ಮಾಡುತ್ತಿದ್ದದ್ದು ಸೋಮವಾರ ಮಾತ್ರ, ಓಣಿಗೆಲ್ಲ ಗೊತ್ತಿದ್ದ ಸಂಗತಿ. ಆಗ ನನಗೆ ಒಂದೊಂದೇ ನೆನಪಾಯಿತು. ನಾಲ್ಕು ವಾರಕ್ಕೂ ಹೆಚ್ಚು ಬೆಳಗಿನಿಂದ ಸಂಜೆಯವರೆಗೆ ನಮ್ಮ ಒಲೆಯ ಮುಂದೆ ಕೂತವರು ನಮ್ಮ ಮನೆಯ ಒಂದು ಗುಟುಕು ನೀರು ಕುಡಿದಿರಲಿಲ್ಲ. ಮಧ್ಯಾಹ್ನ ಎದ್ದು ಹೋಗಿ ಮನೆಯಲ್ಲಿ ಉಂಡು ಬರುತ್ತಿದ್ದರು. ಅವ್ವ ಜೋಳದ ಬಟ್ಟಲು ಹಿಡಿದು ಬಂದಾಗಲೆಲ್ಲ "ಇರ್ಲಿ ಇರ್ಲಿ, ಮನ್ಯಾಗ ಅದ" ಎನ್ನುತ್ತಿದ್ದರು. ಬೇಡಿ ತಿನ್ನುವವರು ಎಂದ ಮನೆಯಲ್ಲಿ ಅವರು ಏನನ್ನೂ ತಿನ್ನಲಿಲ್ಲ. ನನಗೆ ಮಾತ್ರ ಉಣಿಸಿದರು.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾಲ್ಕು ಜನರ ಎದುರಿಗೆ ಆಡಿದ ಮಾತನ್ನು ನಾಲ್ಕು ಜನರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕು. ನಾಲ್ಕು ಜನರಿದ್ದರು, ಬಾಯಿ ಇತ್ತು. ನನಗೆ ಎದೆ ಇರಲಿಲ್ಲ. ನಾಳೆ ಅವರ ಮನೆಗೇ ಹೋಗಿ ಹೇಳಿದರಾಯಿತು ಎಂದುಕೊಂಡೆ. ನಾಳೆ ಯಾರೋ ನೋಡಲು ಬಂದರು. ನಾಡಿದ್ದು ಇನ್ಯಾರೋ... ಎರಡು ತಿಂಗಳು ಹೋದವು. ಅಷ್ಟರಲ್ಲಿ ಮಠದಮ್ಮನ ಮೊಣಕಾಲು ಸೋತವು. ಅವರ ತಮ್ಮ ಬಂದು ನಿಲಂಗಾಕ್ಕೆ ಕರೆದುಕೊಂಡು ಹೋದ. ಆ ದಿನ ನಾನು ಉದಗೀರದಲ್ಲಿ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ.

ಕೆಲಸ ಸಿಕ್ಕಿತು. ಶಾಲೆಯಲ್ಲಿ ವಿಜ್ಞಾನ ಕಲಿಸುವುದು, ಬಾಯಿಂದಲೇ ಮಾಡುವ ಕೆಲಸ. ಉಮರ್ಗಾದಿಂದ ಉದಗೀರಕ್ಕೆ ಹೋಗುವ ನಮ್ಮ ಬಸ್ಸು ನಿಲಂಗಾದ ಮೇಲೆಯೇ ಹಾಯುತ್ತದೆ. ಸ್ಟ್ಯಾಂಡಿನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲುತ್ತದೆ, ಡ್ರೈವರು ಕಂಡಕ್ಟರು ಚಹಾ ಕುಡಿಯುತ್ತಾರೆ. ಮಠದಮ್ಮನ ತಮ್ಮನ ಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರವೆಂದು ಅವ್ವ ಹೇಳಿದ್ದಳು. ಎರಡು ವರ್ಷ ತಿಂಗಳಿಗೆರಡು ಸಲ ನಾನು ಆ ಸ್ಟ್ಯಾಂಡಿನಲ್ಲಿ ಬಸ್ಸೊಳಗೆ ಕೂತಿದ್ದೆ. ಒಮ್ಮೆ ಕೈಯಲ್ಲಿ ಹಣ್ಣಿನ ಚೀಲವೂ ಇತ್ತು. ಮುಂದಿನ ಸಲ ಇಳಿಯೋಣ ಎಂದುಕೊಂಡೆ. ಇದಕ್ಕೆ ನನ್ನ ಹತ್ತಿರ ಯಾವ ಕಾರಣವೂ ಇಲ್ಲ. ಕಷ್ಟವಿತ್ತು, ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ದಿನ ಅವ್ವ ಫೋನು ಮಾಡಿ, ಮಠದಮ್ಮ ಹೋಗಿಬಿಟ್ಟರಂತೆ, ನಿನ್ನೆಯೇ ಮಣ್ಣಾಯಿತಂತೆ ಎಂದಳು. ಮಾರನೆಯ ದಿನ ನಾನು ನಿಲಂಗಾದಲ್ಲಿ ಇಳಿದೆ. ಸ್ಟ್ಯಾಂಡಿನಿಂದ ಅವರ ಮನೆಗೆ ಏಳು ನಿಮಿಷದ ದಾರಿ. ತಮ್ಮನ ಹೆಂಡತಿ ನನ್ನನ್ನು ಕಂಡು, ಹೇಳದೆಯೇ ಗುರುತು ಹಿಡಿದರು. ದವಡೆಯ ಕೆಳಗಿನ ಆಪರೇಷನ್ನಿನ ಗೆರೆ ನೋಡಿರಬೇಕು.

"ಉಮರ್ಗಾದ ಹುಡುಗಿ ನೀನೇ ಅಲ್ಲೇನು? ಅಕ್ಕಾ ದಿನಾ ಹೊರಗ ಕಟ್ಟಿ ಮ್ಯಾಲ ಕೂಡ್ತಿದ್ರವಾ. ಯಾಕ್ರೀ ಬಿಸಿಲಾಗ ಅಂದ್ರ, ಆ ಹುಡುಗಿ ಬರ್ತದ, ಆಕಿಗಿ ನನಗ ಒಂದ್ ಮಾತ್ ಹೇಳೂದದ, ಬಾಯಿ ಈಗ ಛಲೋ ಆಗ್ಯಾದ, ಬರ್ತದ ಅಂತಿದ್ರು." ನನ್ನ ಮುಂದೆ ನೀರಿನ ತಂಬಿಗೆ ಇಡುತ್ತ ಅವರು ಕೇಳಿದರು. "ಏನ್ ಮಾತ್ ಅದು, ತಂಗಿ?"

ನನ್ನ ಹಲ್ಲುಗಳಿಗೆ ಆಗ ಯಾವ ರಬ್ಬರೂ ಇರಲಿಲ್ಲ. ಆದರೂ ತಂಬಿಗೆ ಎತ್ತಿ ಬಾಯಿಗೆ ನೀರು ತುಂಬಿಕೊಂಡೆ. ಅವರು ಊಟಕ್ಕೆ ಬಡಿಸಿದರು. ಬೇಡವೆನ್ನಲಾಗದೆ ಅವರ ಮನೆಯಲ್ಲಿ ಉಂಡು ಬಂದೆ.

ಇಷ್ಟೆಲ್ಲ ನಡೆದು ವರ್ಷಗಳಾದವು. ದಸರೆ ಕಳೆದ ಮೇಲೆ ಮೊನ್ನೆ ಉಮರ್ಗಾಕ್ಕೆ ಹೊರಟವಳು ನಿಲಂಗಾ ಸ್ಟ್ಯಾಂಡಿನಲ್ಲಿ ಬಸ್ಸು ನಿಂತ ಕೂಡಲೇ ಇಳಿದುಬಿಟ್ಟೆ. ಊರ ಹೊರಗೆ, ಅವರ ಮನೆತನದ ಸಮಾಧಿಗಳು ಇರುವ ಹೊಲದ ಅಂಚಿಗೆ ಕೇಳಿಕೊಂಡು ಹೋದೆ. ಮಠದಮ್ಮನ ತಮ್ಮ ಒಂದು ಸಣ್ಣ ಕಟ್ಟೆ ಕಟ್ಟಿಸಿ ಮೇಲೆ ಕಲ್ಲು ಇಟ್ಟಿದ್ದಾನೆ. ಯಾರೋ ಏರಿಸಿದ್ದ ಪತ್ರಿ ಒಣಗಿತ್ತು. ಪಕ್ಕದ ಹೊಲದಲ್ಲಿ ಹೆಂಗಸೊಬ್ಬಳು ಸೋಯಾಬೀನ್ ಕೊಯ್ಯುತ್ತಿದ್ದಳು, ಬೇರೆ ಯಾರೂ ಇರಲಿಲ್ಲ. ನಾನು ಚಪ್ಪಲಿ ಬಿಟ್ಟು, ಕಟ್ಟೆಯ ಮುಂದೆ ನಿಂತು, ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಹೇಳಿದೆ.

"ತಪ್ಪಾಯ್ತ್ರೀ ಅಮ್ಮಾ ನಂದು."

ಹೆಂಗಸು ಕುಡುಗೋಲು ನಿಲ್ಲಿಸಿ ತಲೆಯೆತ್ತಿದಳು. "ನನಗ ಅಂದ್ರೇನ್ರೀ ಅಕ್ಕಾ?"

"ಇಲ್ಲವ್ವಾ, ನಿಮಗಲ್ಲ" ಎಂದೆ.

ಆಕೆ ಸುತ್ತ ಒಮ್ಮೆ ನೋಡಿ, ಬೇರೆ ಯಾರನ್ನೂ ಕಾಣದೆ, ಮತ್ತೆ ಬಗ್ಗಿ ಕೊಯ್ಯತೊಡಗಿದಳು.